ಪದಚರ್ಚೆ: ಫೈಟಿಂಗ್ ಗೇಮ್‌ನ ‘ಅಸಿಸ್ಟ್’ಗೆ ಕುಮ್ಕಿ ಅನ್ನಬಹುದೇ? ‘ಓಕಿ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾವು ಕೆಲವು ಗೆಳೆಯರು ಡ್ರ್ಯಾಗನ್ ಬಾಲ್ ಫೈಟರ್ಜ್ ಎಂಬ ವಿಡಿಯೊ ಗೇಮ್‌ನ ಪಂದ್ಯಗಳಿಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದೇವೆ. ಕ್ರಿಕೆಟ್ಟಿಗೆ, ಕಬಡ್ಡಿಗೆ ಕನ್ನಡ ಕಾಮೆಂಟರಿ ಇದೆ, ಇದಕ್ಕೂ ಇರಲಿ ಎಂಬ ಆಸೆ. ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಅಕಿರಾ ತೋರಿಯಾಮ ಅವರ ಡ್ರ್ಯಾಗನ್ ಬಾಲ್ ಚಿತ್ರಕಥೆ ಜಪಾನಿನ ವಾರಪತ್ರಿಕೆಯೊಂದರಲ್ಲಿ 1984ರಲ್ಲಿ ಶುರುವಾಯಿತು. 1986ರಲ್ಲಿ ಅದು ಟಿವಿಗೆ ಬಂತು. ನಮ್ಮಲ್ಲಿ ಬಹಳ ಜನ ಅದರ ಮುಂದಿನ ಭಾಗವಾದ ‘ಜ಼ಡ್’ ಸರಣಿಯನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿ ಬೆಳೆದವರು. ಅದೇ ಪಾತ್ರಗಳನ್ನು ಇಟ್ಟುಕೊಂಡು ಆರ್ಕ್ ಸಿಸ್ಟಮ್ ವರ್ಕ್ಸ್ ಮಾಡಿದ ಗೇಮ್ ಇದು. ಬಂದದ್ದು 2018ರಲ್ಲಿ. ಪಾತ್ರಗಳು ಮೂರು ಆಯಾಮದ ಮಾದರಿಗಳಾದರೂ ಪರದೆಯ ಮೇಲೆ ಕೈಯಲ್ಲಿ ಬರೆದ ಅನಿಮೆಯ (ಜಪಾನಿ ಕಾರ್ಟೂನಿನ) ಹಾಗೇ ಕಾಣುತ್ತವೆ. ಅಷ್ಟು ಚಂದ.

ಮೊದಲು ಇಂಥ ಗೇಮ್‌ಗಳ ಹೆಸರು. ‘ಹೊಡೆದಾಟದ ಆಟ’ ಅಂತ ಕೆಲವರು ಬರೆಯುತ್ತಾರೆ. ನನಗದು ಒಪ್ಪಿಗೆಯಿಲ್ಲ. ಹೊಡೆದಾಟ ಅಂದರೆ ಎರಡು ಗುಂಪುಗಳ ನಡುವೆ ಬೀದಿಯಲ್ಲಿ ಆಗುವಂಥದ್ದು, ಮಾರನೇ ದಿನ ಪೇಪರಿನಲ್ಲಿ ಬರುವಂಥದ್ದು. ‘ಯುದ್ಧ’ ಅಂದರೆ ಸೈನ್ಯ ಬೇಕು. ‘ಕಾಳಗ’ ಸರಿ ಕೂರುತ್ತದೆ. ಟಗರು ಕಾಳಗ, ಯಕ್ಷಗಾನದ ಕೃಷ್ಣಾರ್ಜುನ ಕಾಳಗ. ಎದುರುಬದುರು ಇಬ್ಬರು, ಸುತ್ತ ನೋಡುವ ಜನ. ‘ಕಾಳಗದ ಆಟ’ ಅನ್ನೋಣ ಅಂತ ನಮ್ಮ ತೀರ್ಮಾನ.

‘ಕಾಂಬೊ’ಗೆ ‘ವರಸೆ’ ಇಟ್ಟುಕೊಂಡಿದ್ದೇವೆ. ಕಾಂಬೊ ಅಂದರೆ ಮೊದಲ ಏಟು ಬಿದ್ದ ಮೇಲೆ ಎದುರಾಳಿ ಸುಧಾರಿಸಿಕೊಳ್ಳುವ ಮುಂಚೆಯೇ ಎರಡನೆಯದು, ಅದರ ಬೆನ್ನಿಗೆ ಮೂರನೆಯದು, ಹೀಗೆ ಬಿಡದೆ ಪೋಣಿಸಿದ ಏಟುಗಳು. ಕೋಲು ವರಸೆ, ಕತ್ತಿ ವರಸೆ ನಮ್ಮಲ್ಲಿ ಇದ್ದೇ ಇವೆ. ಸಂಗೀತ ಕಲಿಯುವ ಮಕ್ಕಳ ಸರಳೆ ವರಸೆ, ಜಂಟಿ ವರಸೆಯಲ್ಲೂ ಅದೇ ಅರ್ಥ, ಒಂದಾದ ಮೇಲೊಂದು ಕ್ರಮವಾಗಿ ಬರುವುದು. ‘ಸಂಯೋಜಿತ ಪ್ರಹಾರ’ ಅಂತ ಒಬ್ಬರು ಸೂಚಿಸಿದರು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ. 2018ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಇವೊ ಎಂಬ ಕಾಳಗದ ಆಟಗಳ ದೊಡ್ಡ ಪಂದ್ಯಾವಳಿಯ ಫೈನಲ್‌ನಲ್ಲಿ ಅಮೆರಿಕದ ಸಾನಿಕ್‌ಫಾಕ್ಸ್ ಜಪಾನಿನ ಗೊಯಿಚಿಯವರನ್ನು ಸೋಲಿಸಿದ ವಿಡಿಯೊ ನೋಡಿ. ಎಂಥ ವೇಗ ಅಂತ ಗೊತ್ತಾಗುತ್ತದೆ. ಒಂದೇ ಉಸಿರಿಗೆ ಬಾಯಿಗೆ ಬರುವ ಪದವೇ ಬೇಕು.

ಗರಡಿಯ ‘ಪಟ್ಟು’ ಪದವನ್ನು ಎಲ್ಲಾ ಏಟಿಗೂ ಬಳಸದೆ ಹಿಡಿತಕ್ಕೆ ಮಾತ್ರ ಉಳಿಸಿಕೊಂಡಿದ್ದೇವೆ. ಈ ಗೇಮ್‌ನಲ್ಲಿ ಡ್ರ್ಯಾಗನ್ ರಶ್ ಅಂತ ಒಂದಿದೆ. ಎದುರಾಳಿ ಎಷ್ಟೇ ಚೆನ್ನಾಗಿ ತಡೆದುಕೊಂಡು ಕೂತಿರಲಿ, ನುಗ್ಗಿ ಹಿಡಿದೇ ಬಿಡುವುದು. ಸಮಯಕ್ಕೆ ಸರಿಯಾಗಿ ಬಟನ್ ಒತ್ತಿದರೆ ತಪ್ಪಿಸಿಕೊಳ್ಳಬಹುದು. ‘ಪಟ್ಟು ಹಾಕಿದ’, ‘ಪಟ್ಟು ಬಿಡಿಸಿಕೊಂಡ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಈಗ ಚರ್ಚೆ ಆಗಬೇಕಾದ್ದು ‘ಅಸಿಸ್ಟ್’.

ಇದು ಮೂವರ ತಂಡದ ಆಟ. ಒಬ್ಬ ಕಣದಲ್ಲಿ, ಇಬ್ಬರು ಹೊರಗೆ. ಬಟನ್ ಒತ್ತಿದರೆ ಹೊರಗಿದ್ದವರಲ್ಲಿ ಒಬ್ಬ ಕ್ಷಣಮಾತ್ರ ಒಳಗೆ ಬಂದು ತನ್ನ ಕೆಲಸ ಮುಗಿಸಿ ಹೋಗುತ್ತಾನೆ. ಕಥಾನಾಯಕ ಗೊಕು ಕಣದಲ್ಲಿದ್ದಾನೆ ಅನ್ನಿ. ಅವನ ತಂಡದ ವೆಜೀಟಾ ಬಂದು ಸಾಲಾಗಿ ಶಕ್ತಿಯ ಉಂಡೆಗಳನ್ನು ಎರಚುತ್ತಾನೆ. ಎದುರಾಳಿ ಅವನ್ನು ತಡೆಯುತ್ತಾ ನಿಲ್ಲಬೇಕು, ಕದಲುವ ಹಾಗಿಲ್ಲ. ಅಷ್ಟರಲ್ಲಿ ಗೊಕು ಪಕ್ಕಕ್ಕೇ ಬಂದಿರುತ್ತಾನೆ.

‘ಸಹಾಯಕ್ಕೆ ಕರೆದ’ ಅಂದರೆ ಕಷ್ಟದಲ್ಲಿದ್ದಾನೆ ಅನ್ನಿಸುತ್ತದೆ. ಇಲ್ಲಿ ಕರೆಯುವವನದೇ ಮೇಲುಗೈ. ‘ಬೆಂಬಲ’ವನ್ನು ರಾಜಕೀಯದವರು ಪೂರ್ತಿ ವಹಿಸಿಕೊಂಡಿದ್ದಾರೆ. ‘ಒತ್ತಾಸೆ’ ಒಳ್ಳೆಯ ಪದ, ಆದರೆ ಒತ್ತಾಸೆ ಕೊಡುವವನು ಹಿಂದೆ ನಿಲ್ಲುತ್ತಾನೆ, ಕಣಕ್ಕೆ ಇಳಿಯುವುದಿಲ್ಲ. ‘ಕುಮ್ಮಕ್ಕು’ ಮೂಲದಲ್ಲಿ ಪಾರಸಿಯಿಂದ ಬಂದದ್ದು, ನೆರವಿಗೆ ಕಳಿಸುವ ಪಡೆ ಎಂಬ ಅರ್ಥವೂ ಅದಕ್ಕಿತ್ತು. ಈಗ ‘ಗಲಭೆಗೆ ಕುಮ್ಮಕ್ಕು’ ಬಿಟ್ಟರೆ ಬೇರೆ ಕಡೆ ಕೇಳುವುದೇ ಕಡಿಮೆ.

ಅದರ ಒಡಹುಟ್ಟಿದ ಪದ ‘ಕುಮ್ಕಿ’ಗೆ ಮಾತ್ರ ಕೆಟ್ಟ ಹೆಸರು ಬಂದಿಲ್ಲ. ದುಬಾರೆ, ಸಕ್ರೆಬೈಲಿನ ಕುಮ್ಕಿ ಆನೆಗಳನ್ನು ನೆನೆಸಿಕೊಳ್ಳಿ. ಕಾಡಾನೆ ಹಿಡಿಯುವಾಗ ಪಳಗಿದ ಆನೆಗಳು ಎರಡೂ ಮಗ್ಗುಲಿಗೆ ಬಂದು ಒತ್ತಿ ನಿಲ್ಲುತ್ತವೆ. ಅದು ಅಲ್ಲಾಡದಂತೆ ನೋಡಿಕೊಳ್ಳುತ್ತವೆ. ಹಗ್ಗ ಬಿಗಿಯುವ ಕೆಲಸ ಬೇರೆಯವರದು. ವೆಜೀಟಾ ಮಾಡಿದ್ದೂ ಇದೇ ಅಲ್ವಾ? ‘ವೆಜೀಟಾ ಕುಮ್ಕಿಗೆ ಬಂದ’, ‘ಕುಮ್ಕಿ ಖಾಲಿ, ಈಗ ಒಬ್ಬನೇ ಆಡಬೇಕು’. ಹೇಳಿ ನೋಡಿ, ನಾಲಿಗೆಗೆ ಹಗುರ.

ಒಂದೇ ಅನುಮಾನ. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಕುಮ್ಕಿ ಅಂದ ಕೂಡಲೇ ನೆನಪಾಗುವುದು ಜಮೀನು. ಸ್ವಂತ ಜಮೀನಿಗೆ ತಾಗಿಕೊಂಡಿರುವ, ಸೊಪ್ಪು ಸೌದೆಗೆ ಆಸರೆಯಾದ ಸರ್ಕಾರಿ ಜಾಗ. ಅದರ ಮೂಲವೂ ನೆರವು ಎಂಬ ಅರ್ಥವೇ. ಆದರೂ ಕರಾವಳಿಯ ಹುಡುಗರಿಗೆ ‘ಕುಮ್ಕಿಗೆ ಬಂದ’ ಅನ್ನುವುದು ವಿಚಿತ್ರವಾಗಿ ಕೇಳಿಸುತ್ತದೆಯೇ? ಆ ಕಡೆಯವರು ದಯವಿಟ್ಟು ಹೇಳಬೇಕು.

ಪಾತ್ರಗಳು ಮೈಯಲ್ಲಿ ತುಂಬಿಸಿಕೊಳ್ಳುವ ಶಕ್ತಿಗೆ ‘ಕಿ’ ಅನ್ನುತ್ತಾರೆ, ಅದನ್ನು ಕಿ ಅಂತಲೇ ಬಿಟ್ಟಿದ್ದೇವೆ. ಅದು ಚೀನಾದಿಂದ ಜಪಾನಿಗೆ ಬಂದ ಕಲ್ಪನೆ, ಪ್ರಾಣಶಕ್ತಿ ಅಂತೆಲ್ಲ ಮಾಡಿದರೆ ಯೋಗದ ತರಗತಿ ಆಗಿಬಿಡುತ್ತದೆ. ‘ಕೀ ಒತ್ತಿದ’ ಮತ್ತು ‘ಕಿ ತುಂಬಿಸಿಕೊಂಡ’ ಎರಡೂ ಒಂದೇ ವಾಕ್ಯದಲ್ಲಿ ಬರಬಹುದು ಅಂತ ಒತ್ತುವ ಕೀಗೆ ‘ಬಟನ್’ ಅಂತಲೇ ಹೇಳುತ್ತೇವೆ.

ಪೂರ್ತಿ ಸಿಕ್ಕಿಹಾಕಿಕೊಂಡಿರುವುದು ‘ಓಕಿ’ಯಲ್ಲಿ. ಜಪಾನಿ ಆಟಗಾರರ ‘ಓಕಿಜೆಮೆ’ಯನ್ನು ಚಿಕ್ಕದು ಮಾಡಿ ಜಗತ್ತೆಲ್ಲ ಓಕಿ ಅನ್ನುತ್ತದೆ. ‘ಓಕಿರು’ ಅಂದರೆ ಏಳುವುದು, ‘ಸೆಮೆ’ ಅಂದರೆ ಮೇಲೆ ಬೀಳುವುದು. ನೆಲಕ್ಕೆ ಬಿದ್ದವನು ಏಳುವ ಹೊತ್ತಿಗೇ ಅವನನ್ನು ಇಕ್ಕಟ್ಟಿಗೆ ಸಿಕ್ಕಿಸುವುದು. ಏಳುವವನ ಪಾಡು ನೋಡಿ: ತಲೆಯ ಮೇಲೆ ಏಟು ಬಂದರೆ ನಿಂತು ತಡೆಯಬೇಕು, ಕಾಲಿಗೆ ಬಂದರೆ ಕೂತು ತಡೆಯಬೇಕು, ಪಟ್ಟು ಬಂದರೆ ಬಿಡಿಸಿಕೊಳ್ಳಬೇಕು. ಮೂರರಲ್ಲಿ ಯಾವುದು ಬರುತ್ತದೋ ಗೊತ್ತಿಲ್ಲ. ನಿಂತು ತಡೆಯುವುದಕ್ಕೆ ‘ಮೇಲ್ತಡೆ’, ಕೂತು ತಡೆಯುವುದಕ್ಕೆ ‘ಕೆಳತಡೆ’ ಅನ್ನುತ್ತಿದ್ದೇವೆ, ಅದು ಸಲೀಸು. ಆದರೆ ಈ ಇಡೀ ಸಂದರ್ಭಕ್ಕೆ ಹೆಸರಿಲ್ಲ.

‘ಏಳೇಟು’ ಅಂತ ಗೆಳೆಯನೊಬ್ಬ ಸೂಚಿಸಿದ. ಏಳುವಾಗಿನ ಏಟು. ಚಿಕ್ಕದು, ಚುರುಕಾಗಿದೆ. ಆದರೆ ಕೇಳುವವರು ಏಳು ಏಟು ಅಂದುಕೊಳ್ಳುತ್ತಾರೆ. ಈ ಗೇಮ್‌ನಲ್ಲಿ ಡ್ರ್ಯಾಗನ್ ಬಾಲ್ ಎಂಬ ಮಾಂತ್ರಿಕ ಗೋಲಿಗಳು ಏಳು, ಕಿ ತುಂಬುವ ಪಟ್ಟಿಯೂ ಏಳು. ಗೊಂದಲ ಖಂಡಿತ. ‘ಏಳಗೊಡದ ವರಸೆ’ ಅರ್ಥಕ್ಕೆ ಸರಿ, ಬಾಯಿಗೆ ಉದ್ದ.

ಜಪಾನಿನವರು ಬಿದ್ದು ಸಾವರಿಸಿಕೊಳ್ಳುವುದಕ್ಕೆ ‘ಉಕೆಮಿ’ ಅನ್ನುತ್ತಾರೆ. ಅದನ್ನು ಜೂಡೊದಿಂದ ನೇರ ಎತ್ತಿಕೊಂಡರು. ನಮಗೆ ಗರಡಿಯಿದೆ. ಕುಸ್ತಿಯಲ್ಲೂ ಕೆಳಗೆ ಬಿದ್ದವನು ಮಟ್ಟಿಯಿಂದ ಏಳುವ ಮುಂಚೆ ಮೇಲಿನವನು ಕಾದು ಕೂತು ಪಟ್ಟು ಹಾಕುತ್ತಾನಲ್ಲ, ಆ ಹೊತ್ತಿಗೆ ಉಸ್ತಾದರು ಏನಂತ ಕೂಗುತ್ತಾರೆ? ಮೈಸೂರು, ದಾವಣಗೆರೆ, ಬೆಳಗಾವಿ ಕಡೆ ಗರಡಿ ಮನೆಯ ಒಡನಾಟ ಇರುವವರು ಯಾರಾದರೂ ಇದ್ದರೆ ಕೇಳಿ ತಿಳಿಸುತ್ತೀರಾ? ಡಾವು, ಪೇಚು ಅಂತ ಮರಾಠಿ, ಉರ್ದು ಬೆರೆತ ಪದವಾದರೂ ಪರವಾಗಿಲ್ಲ, ಅಲ್ಲಿನವರು ಬಳಸುತ್ತಿದ್ದರೆ ಸಾಕು.