‘ಡಚ್ ರೋಲ್’ ಎಂಬ ಪದದ ಮೂಲ, ಮತ್ತು ಅದಕ್ಕೊಂದು ಕನ್ನಡ ಪದದ ಪ್ರಶ್ನೆ

2024ರ ಮೇ 25ರಂದು ಅಮೆರಿಕದ ಫೀನಿಕ್ಸ್‌ನಿಂದ ಓಕ್‌ಲ್ಯಾಂಡ್‌ಗೆ ಹೊರಟಿದ್ದ ಬೋಯಿಂಗ್ 737 ಮ್ಯಾಕ್ಸ್ ವಿಮಾನವೊಂದು ದಾರಿಯಲ್ಲಿ ವಿಚಿತ್ರವಾಗಿ ಓಲಾಡಿತು. ಅದು ಸುರಕ್ಷಿತವಾಗಿ ಇಳಿದ ಮೇಲೆ, ಬಾಲದ ಚುಕ್ಕಾಣಿಯನ್ನು ನಡೆಸುವ ಭಾಗಗಳಿಗೆ ಪೆಟ್ಟಾಗಿರುವುದು ಕಂಡುಬಂತು. ಆ ಸುದ್ದಿಯ ಜೊತೆಗೆ ‘ಡಚ್ ರೋಲ್’ ಎಂಬ ಮಾತೂ ಎಲ್ಲೆಡೆ ಓಡಾಡಿತು. ಇಲ್ಲಿ ಏಳುವ ಪ್ರಶ್ನೆಗಳು ಎರಡು. ಡಚ್ಚರಿಗೂ ವಿಮಾನದ ಓಲಾಟಕ್ಕೂ ಏನು ನಂಟು? ಇದನ್ನು ಕನ್ನಡದಲ್ಲಿ ‘ಡಚ್ ಉರುಳು’ ಎಂದು ಬರೆಯಬಹುದೇ? ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣ ಈ ಪದದ ಮೂಲದಲ್ಲಿಯೇ ಇದೆ.

ಮೊದಲು ಈ ಚಲನೆ ಎಂಥದು ಎಂಬುದನ್ನು ನೋಡೋಣ. ಗಾಳಿಯ ಒಂದು ಪೆಟ್ಟಿಗೆ ವಿಮಾನದ ಮೂತಿ ಬಲಕ್ಕೆ ತಿರುಗಿತೆನ್ನಿ. ಆಗ ಎಡರೆಕ್ಕೆ ಮುಂದಕ್ಕೆ ಬರುತ್ತದೆ. ರೆಕ್ಕೆಗಳು ಹಿಂದಕ್ಕೆ ಬಾಗಿರುವ ಜೆಟ್ ವಿಮಾನದಲ್ಲಿ, ಹೀಗೆ ಮುಂದೆ ಬಂದ ರೆಕ್ಕೆ ಗಾಳಿಗೆ ಹೆಚ್ಚು ನೇರವಾಗಿ ಎದುರಾಗುವುದರಿಂದ ಅದನ್ನು ಮೇಲೆತ್ತುವ ಬಲ ಹೆಚ್ಚುತ್ತದೆ, ವಿಮಾನ ಬಲಮಗ್ಗುಲಿಗೆ ವಾಲುತ್ತದೆ. ಎತ್ತುವ ಬಲದ ಜೊತೆಗೆ ಎಡರೆಕ್ಕೆಯ ಮೇಲಿನ ಗಾಳಿಯ ಎಳೆತವೂ ಹೆಚ್ಚಿರುತ್ತದೆ. ಆ ಎಳೆತವೂ ಬಾಲದ ನೆಟ್ಟನೆಯ ಫಲಕವೂ ಸೇರಿ ಮೂತಿಯನ್ನು ಮತ್ತೆ ಎಡಕ್ಕೆ ತಿರುಗಿಸುತ್ತವೆ. ಮೂತಿ ನೆಟ್ಟಗಾದ ಕಡೆ ನಿಲ್ಲದೆ ಆಚೆಗೂ ಸರಿದುಹೋಗುತ್ತದೆ, ಮತ್ತು ಇದೇ ಕ್ರಿಯೆ ಎಡಮಗ್ಗುಲಲ್ಲಿ ಮರುಕಳಿಸುತ್ತದೆ. ಕೆಲವೇ ಸೆಕೆಂಡುಗಳ ಈ ಆವರ್ತದಲ್ಲಿ ತಿರುಗುವುದೂ ವಾಲುವುದೂ ಒಂದರ ಬೆನ್ನಿಗೊಂದು ಬರುತ್ತವೆ, ಎರಡೂ ಒಂದೇ ಕ್ಷಣಕ್ಕೆ ತುದಿ ಮುಟ್ಟುವುದಿಲ್ಲ. ಕಿಟಕಿಯ ಪಕ್ಕ ಕುಳಿತವರಿಗೆ ರೆಕ್ಕೆಯ ತುದಿ ದಿಗಂತದ ಗೆರೆಯ ಮೇಲೆ ಮೊಟ್ಟೆಯಾಕಾರದ ಸುತ್ತನ್ನು ಬರೆಯುತ್ತಿರುವಂತೆ ಕಾಣುತ್ತದೆ.

ಇದನ್ನು ಸುಮ್ಮನೆ ‘ಅಸ್ಥಿರತೆ’ ಎನ್ನುವುದು ಪೂರ್ತಿ ಸರಿಯಲ್ಲ. ಸಾಮಾನ್ಯವಾಗಿ ಈ ಓಲಾಟ ತಾನಾಗಿಯೇ ತಗ್ಗುತ್ತದೆ. ತಗ್ಗುವುದು ತೀರ ನಿಧಾನವಾದಾಗ, ಅಥವಾ ತಗ್ಗದೆ ಬೆಳೆಯುತ್ತ ಹೋದಾಗ ಮಾತ್ರ ಅದು ಅಪಾಯ. ದೊಡ್ಡ ಜೆಟ್ ವಿಮಾನಗಳಲ್ಲಿ ಮೂತಿಯ ತಿರುಗುವಿಕೆಯನ್ನು ಗ್ರಹಿಸಿ, ಪೈಲಟ್ ಕೈಹಾಕುವ ಮೊದಲೇ ಚುಕ್ಕಾಣಿಯನ್ನು ಎದುರುಬದಿಗೆ ಆಡಿಸುವ ‘ಯಾ ಡ್ಯಾಂಪರ್’ ಎಂಬ ಉಪಕರಣ ಇರುವುದು ಇದಕ್ಕಾಗಿಯೇ. (ಮೂತಿ ಎಡಬಲಕ್ಕೆ ತಿರುಗುವುದಕ್ಕೆ ಇಂಗ್ಲಿಷಿನಲ್ಲಿರುವ ಈ ‘ಯಾ’ ನಮ್ಮ ಲಿಪಿಯಲ್ಲಿ ‘ಅಥವಾ’ ಎಂಬರ್ಥದ ‘ಯಾ’ ಆಗಿಬಿಡುತ್ತದೆ. ಆ ಚಲನೆಗೂ ನಮಗೊಂದು ಸ್ವಂತ ಪದ ಬೇಕೆನ್ನಲು ಇದೊಂದೇ ಕಾರಣ ಸಾಕು.) 1959ರ ಅಕ್ಟೋಬರ್ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಡಚ್ ರೋಲ್‌ನಿಂದ ಪಾರಾಗುವುದನ್ನು ಕಲಿಸುತ್ತಿದ್ದ ತರಬೇತಿ ಹಾರಾಟದಲ್ಲೇ ಬೋಯಿಂಗ್ 707 ಒಂದು ಮಿತಿಮೀರಿ ವಾಲಿ, ಅದರ ಎಂಜಿನ್‌ಗಳು ಕಿತ್ತುಹೋಗಿ ನೆಲಕ್ಕೆ ಬಿತ್ತು. ಅದರಲ್ಲಿದ್ದ 8 ಜನರಲ್ಲಿ 4 ಜನ ಸತ್ತರು.

ಇನ್ನು ಹೆಸರಿನ ವಿಚಾರ. ಡಚ್ ಹಡಗುಗಳು ಅಗಲ ಹೊಟ್ಟೆಯವು, ಅಲೆಗಳ ಮೇಲೆ ಹೆಚ್ಚು ಹೊಯ್ದಾಡುತ್ತಿದ್ದವು, ಅದರಿಂದಲೇ ಈ ಹೆಸರು ಎಂದು ಕೆಲವರು ಹೇಳುತ್ತಾರೆ. ಕುಡಿದ ಡಚ್ ನಾವಿಕನ ನಡಿಗೆಯಿಂದ ಬಂತೆನ್ನುವವರೂ ಇದ್ದಾರೆ. ಈ ಎರಡನೆಯ ಊಹೆ ಹುಟ್ಟಲು ಒಂದು ಹಿನ್ನೆಲೆಯಿದೆ. 17ನೇ ಶತಮಾನದಲ್ಲಿ ಕಡಲ ವ್ಯಾಪಾರದ ಪೈಪೋಟಿಯಿಂದ ಇಂಗ್ಲಿಷರಿಗೂ ಡಚ್ಚರಿಗೂ 1652ರಿಂದ 1674ರ ನಡುವೆ ಮೂರು ಯುದ್ಧಗಳು ನಡೆದವು, ಆ ಹಗೆತನದ ನೆರಳು ಇಂಗ್ಲಿಷ್ ಭಾಷೆಯ ಮೇಲೂ ಬಿತ್ತು. ಕುಡಿದಾಗ ಬರುವ ಧೈರ್ಯಕ್ಕೆ ‘ಡಚ್ ಕರೇಜ್’ ಎಂದೂ, ಅರ್ಥವಾಗದ ಮಾತಿಗೆ ‘ಡಬಲ್ ಡಚ್’ ಎಂದೂ ಹೇಳುವ ಭಾಷೆಯಲ್ಲಿ ‘ಡಚ್ ರೋಲ್’ ಕೂಡ ಒಂದು ಹಂಗಿಸುವ ಮಾತೇ ಇರಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಬರಹದಲ್ಲಿ ಉಳಿದಿರುವ ಸಾಕ್ಷ್ಯ ಬೇರೆಯೇ ದಿಕ್ಕನ್ನು ತೋರಿಸುತ್ತದೆ. ವೇಲ್ಸ್‌ನ ಬ್ಯಾಂಗರ್‌ನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಜಿ. ಎಚ್. ಬ್ರಯನ್ ಅವರು ವಿಮಾನದ ಸ್ಥಿರತೆಯ ಸಮೀಕರಣಗಳನ್ನು 1911ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಐದು ವರ್ಷಗಳ ಬಳಿಕ, ಅಮೆರಿಕದ ನೌಕಾಪಡೆಯ ಅಧಿಕಾರಿಯೂ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ವೈಮಾನಿಕ ಎಂಜಿನಿಯರಿಂಗ್ ಪಾಠವನ್ನು ಆರಂಭಿಸಿದವರೂ ಆದ ಜೆರೋಮ್ ಹನ್‌ಸೇಕರ್, ವಿಮಾನದ ಪಕ್ಕದ ಚಲನೆಗಳನ್ನು ವಿವರಿಸುತ್ತ ಅವುಗಳಲ್ಲಿ ಮೂರನೆಯದಕ್ಕೆ ಈ ಹೆಸರನ್ನು ಬಳಸಿದರು. ಎಡಬಲಕ್ಕೆ ತಿರುಗುತ್ತ ಜೊತೆಗೇ ವಾಲುವ, 7ರಿಂದ 12 ಸೆಕೆಂಡುಗಳ ಆವರ್ತದ ಆಂದೋಲನ ಇದು ಎಂದು ಹೇಳಿ, ಮಂಜುಗಡ್ಡೆಯ ಮೇಲಿನ ಸ್ಕೇಟಿಂಗ್‌ನ ‘ಡಚ್ ರೋಲ್’ ಅಥವಾ ‘ಹೊರ ಅಂಚು’ ಎಂಬ ನಡೆಗೂ ಇದಕ್ಕೂ ಇರುವ ಹೋಲಿಕೆ ಸ್ಪಷ್ಟವಾಗಿಯೇ ಇದೆ ಎಂದು ಅವರು ಬರೆದರು. ವಿವರಣೆಯನ್ನು ಅಷ್ಟಕ್ಕೇ ನಿಲ್ಲಿಸಿದ್ದನ್ನು ನೋಡಿದರೆ, ಓದುಗರಿಗೆ ಸ್ಕೇಟಿಂಗ್‌ನ ಆ ಮಾತು ಮೊದಲೇ ತಿಳಿದಿತ್ತು ಎಂದು ಅವರು ಎಣಿಸಿದ್ದರೆಂದು ಕಾಣುತ್ತದೆ.

ಮಂಜುಗಡ್ಡೆಯ ನಾಡಿನವರಲ್ಲದ ನಮಗೆ ಆ ನಡೆಯನ್ನು ಬಿಡಿಸಿ ಹೇಳಲೇಬೇಕು. ಸ್ಕೇಟಿನ ಅಲಗಿಗೆ ಒಳಗೊಂದು, ಹೊರಗೊಂದು ಅಂಚಿರುತ್ತದೆ. ಜಾರುವವನು ಬಲಗಾಲಿನ ಹೊರ ಅಂಚಿನ ಮೇಲೆ ಮೈಭಾರ ಬಿಟ್ಟು ಬಲಕ್ಕೆ ವಾಲಿದರೆ, ಅಲಗು ಬಲಕ್ಕೆ ಬಾಗಿದ ಕಮಾನನ್ನು ಕೊರೆಯುತ್ತ ಸಾಗುತ್ತದೆ. ಕಮಾನು ಮುಗಿಯುವ ಹೊತ್ತಿಗೆ ಎಡಗಾಲನ್ನು ಊರಿ, ಅದರ ಹೊರ ಅಂಚಿನ ಮೇಲೆ ಎಡಕ್ಕೆ ವಾಲಿದರೆ ಎಡಬದಿಯ ಕಮಾನು. ಹೀಗೆ ಕಾಲು ಬದಲಿಸುತ್ತ ಹೋದರೆ ಮಂಜಿನ ಮೇಲೆ ಹಾವಿನಂಥ ಗೆರೆ ಉಳಿಯುತ್ತದೆ. ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಊರಿಂದೂರಿಗೆ ಹೋಗುತ್ತಿದ್ದ ಡಚ್ಚರು ಈ ವಿದ್ಯೆಯಲ್ಲಿ ಹೆಸರಾದವರು. ಹಾಗಾಗಿ ಈ ‘ಡಚ್’ನಲ್ಲಿ ಹಂಗಿಸುವ ದನಿ ಇಲ್ಲ, ಕುಶಲಿಗಳ ಹೆಸರಿದೆ.

ಅದಕ್ಕಿಂತ ಮುಖ್ಯವಾದದ್ದು ‘ರೋಲ್’ ಎಂಬ ಭಾಗ. ವಿಮಾನಶಾಸ್ತ್ರದಲ್ಲಿ ರೋಲ್ ಎಂದರೆ ಮೂತಿಯಿಂದ ಬಾಲದವರೆಗಿನ ಅಕ್ಷದ ಸುತ್ತ ಮಗ್ಗುಲಾಗುವುದು. ಸ್ಕೇಟಿಂಗ್‌ನಿಂದ ಬಂದ ‘ರೋಲ್’ ಅದಲ್ಲ. ಅದು ವಾಲುವುದನ್ನೂ ತಿರುಗುವುದನ್ನೂ ಒಟ್ಟಿಗೆ ಹಿಡಿದಿರುವ ಒಂದು ಇಡೀ ನಡೆಯ ಹೆಸರು. ‘ಡಚ್ ಉರುಳು’ ಎಂದಾಗ ತಿರುಗುವ ಅರ್ಧ ಕಳೆದುಹೋಗುತ್ತದೆ. ಅಲ್ಲದೆ ನಮ್ಮಲ್ಲಿ ‘ಉರುಳು’ ಎಂದರೆ ಪೂರ್ತಿ ಸುತ್ತುಹಾಕುವುದು, ದೇವಸ್ಥಾನದ ಉರುಳುಸೇವೆಯಂತೆ, ಇಲ್ಲವೇ ಕುಣಿಕೆ. ಎರಡೂ ಇಲ್ಲಿ ಸಲ್ಲುವುದಿಲ್ಲ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಪದ ‘ಫ್ಯೂಗಾಯ್ಡ್’. ವಿಮಾನ ಕೆಳಕ್ಕಿಳಿಯುತ್ತ ವೇಗ ಪಡೆದು, ಆ ವೇಗದಿಂದ ಮೇಲಕ್ಕೇರಿ, ಏರುತ್ತ ವೇಗ ಕಳೆದುಕೊಂಡು ಮತ್ತೆ ಇಳಿಯುವ ನಿಧಾನವಾದ ಏರಿಳಿತಕ್ಕೆ ಇದು ಹೆಸರು. ದೊಡ್ಡ ಜೆಟ್‌ನ ವೇಗದಲ್ಲಿ ಇದರ ಒಂದು ಸುತ್ತಿಗೆ ಎರಡು ನಿಮಿಷದಷ್ಟು ಹಿಡಿಯಬಹುದು. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1908ರ ‘ಏರೋಡೊನೆಟಿಕ್ಸ್’ ಎಂಬ ಗ್ರಂಥದಲ್ಲಿ ಗ್ರೀಕ್ ಧಾತುವಿನಿಂದ ಇದನ್ನು ಕಟ್ಟಿದರು. ಅವರು ಆರಿಸಿದ ‘ಫ್ಯುಗೇ’ ಎಂಬ ಗ್ರೀಕ್ ಪದದ ಅರ್ಥ ಹಾರಾಟವಲ್ಲ, ಪಲಾಯನ. ಇಂಗ್ಲಿಷಿನಲ್ಲಿ ‘ಫ್ಲೈಟ್’ ಎಂಬ ಒಂದೇ ಪದಕ್ಕೆ ಈ ಎರಡೂ ಅರ್ಥಗಳಿರುವುದರಿಂದ ಆದ ಎಡವಟ್ಟು ಇದು. ಕನ್ನಡದಲ್ಲಿ ಹಾರಾಟ ಬೇರೆ, ಪಲಾಯನ ಬೇರೆ. ಪದ ಮಾತ್ರ ಹಾಗೆಯೇ ನಿಂತಿತು. 1985ರ ಆಗಸ್ಟ್ 12ರಂದು ಜಪಾನಿನಲ್ಲಿ ಬಾಲದ ಫಲಕದ ಬಹುಭಾಗವನ್ನೂ ಚುಕ್ಕಾಣಿ ಮೊದಲಾದವನ್ನು ದ್ರವದ ಒತ್ತಡದಿಂದ ಆಡಿಸುವ ಎಲ್ಲ ಹೈಡ್ರಾಲಿಕ್ ವ್ಯವಸ್ಥೆಯನ್ನೂ ಕಳೆದುಕೊಂಡ ಬೋಯಿಂಗ್ 747, 520 ಜನರ ಸಾವಿನಲ್ಲಿ ಕೊನೆಗಂಡ ಆ ಹಾರಾಟದುದ್ದಕ್ಕೂ ಇವೆರಡು ಚಲನೆಗಳನ್ನೂ ಒಟ್ಟಿಗೆ ಅನುಭವಿಸಿತು. ನಿಘಂಟಿನಿಂದ ಕಟ್ಟಿದ ಪದ ಅರ್ಥ ತಪ್ಪಿತು, ಜನರ ಮೈಯ ಚಲನೆಗಿದ್ದ ಪದವನ್ನು ತಂದದ್ದು ಸರಿಯಾಗಿ ಕೂತಿತು. ನಮ್ಮ ಪದರಚನೆಯಲ್ಲೂ ಈ ಎರಡನೆಯ ದಾರಿಯೇ ಮೇಲೆಂದು ನಾನು ನಂಬುತ್ತೇನೆ.

ಹಾಗೆ ಹುಡುಕಿದಾಗ ಸಿಗುವ ಪದಗಳನ್ನು ಒರೆಗೆ ಹಚ್ಚಿ ನೋಡಬೇಕು. ‘ಓಲಾಟ’, ‘ತೂಗಾಟ’, ‘ತೊನೆದಾಟ’ ಮೂರರಲ್ಲೂ ಮಗ್ಗುಲಿನ ಆಟವಿದೆ, ದಿಕ್ಕು ತಿರುಗುವುದಿಲ್ಲ. ‘ಹೊಯ್ದಾಟ’ ದೋಣಿಗೆ ಒಪ್ಪುತ್ತದೆಯಾದರೂ ಅದರಲ್ಲಿ ಯಾವ ದಿಕ್ಕಿನ ಅಲುಗಾಟವನ್ನು ಬೇಕಾದರೂ ಸೇರಿಸಬಹುದು. ‘ಹೊರಳು’ ಎಂಬ ಧಾತು ಮಾತ್ರ ವಿಶೇಷವಾದದ್ದು. ‘ಹೊರಳಿ ನೋಡಿದಳು’ ಎಂಬಲ್ಲಿ ಅದು ತಿರುಗುವುದು, ‘ಮಗ್ಗುಲು ಹೊರಳಿದ’ ಎಂಬಲ್ಲಿ ಅದೇ ಉರುಳುವುದು. ನಮಗೆ ಬೇಕಾದ ಎರಡು ಚಲನೆಗಳೂ ಒಂದೇ ಧಾತುವಿನಲ್ಲಿವೆ. ‘ಹೊರಳಾಟ’ ಎಂದರೆ ನೋವಿನಿಂದ ಒದ್ದಾಡುವ ಛಾಯೆ ಬರುತ್ತದೆಂಬುದು ನಿಜ, ಆದ್ದರಿಂದ ‘ಹೊರಳೋಲಾಟ’ ಎಂಬ ಜೋಡುಪದವನ್ನು ಸೂಚಿಸುತ್ತಿದ್ದೇನೆ. ‘ಡಚ್ ರೋಲ್’ ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಂಡು, ವಿವರಣೆಗೆ ಇದನ್ನು ಬಳಸಬಹುದು.

ಇನ್ನೊಂದು ದಾರಿಯೂ ತೆರೆದಿದೆ. ಹಿಂಬದಿಯ ಓರೆಯಿಂದ ಅಲೆ ಬಂದು ಬಡಿದಾಗ ದೋಣಿಯ ಮೂತಿ ತಿರುಗುತ್ತ, ಜೊತೆಗೇ ಮಗ್ಗುಲು ವಾಲುತ್ತದೆ. ಕಾರವಾರ, ಗಂಗೊಳ್ಳಿ, ಮಲ್ಪೆಯ ಕಡಲಿಗೆ ಇಳಿಯುವವರು ಈ ಆಟವನ್ನು ಬರಿಯ ಓಲಾಟದಿಂದ ಬೇರೆಮಾಡಿ ಏನೆಂದು ಕರೆಯುತ್ತಾರೆ ಎಂಬುದನ್ನು ಬಲ್ಲವರು, ಅದು ಕೊಂಕಣಿಯದಾಗಲಿ ತುಳುವಿನದಾಗಲಿ ಕುಂದಾಪುರದ ಕನ್ನಡದ್ದಾಗಲಿ, ಬಳಕೆಯ ಒಂದು ವಾಕ್ಯದ ಸಮೇತ ದಯವಿಟ್ಟು ತಿಳಿಸಬೇಕು.