ಸಹಾಯ ಬೇಕು: ಕರಾಟೆ ಕುಮಿತೆಯಲ್ಲಿ ಹಿಂದಿನ ಕಾಲು ಮಾತು ಕೇಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಕರಾಟೆ ಕಲಿಯುತ್ತಿದ್ದೇನೆ. ಕತಾ (ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ) ಪರವಾಗಿಲ್ಲ, ಕುಮಿತೆಯದ್ದೇ (ಎದುರಾಳಿಯೊಂದಿಗಿನ ಕಾದಾಟ) ಚಿಂತೆ.

ಮೊನ್ನೆ ನನ್ನ ಅಭ್ಯಾಸದ ವಿಡಿಯೋ ನಿಧಾನವಾಗಿ ಓಡಿಸಿ ನೋಡಿದೆ. ಗ್ಯಾಕು ಜುಕಿಗೆ (ಹಿಂದಿನ ಕಾಲಿನ ಕಡೆಯ ಕೈಯಿಂದ ಹೊಡೆಯುವ ಗುದ್ದು) ಮುನ್ನುಗ್ಗುವಾಗ ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಅಂಟಿಕೊಂಡೇ ಇದೆ. ಸೊಂಟ ತಿರುಗುವ ಮೊದಲೇ ಕೈ ಚಾಚಿ ಮುಗಿದಿದೆ, ಗುರಿಗೆ ಇನ್ನೂ ಒಂದು ಗೇಣು ಬಾಕಿ! ಹೊಡೆದ ಮೇಲೂ ಅಲ್ಲೇ ನಿಂತುಬಿಡುತ್ತೇನೆ. ಅಷ್ಟರಲ್ಲಿ ಎದುರಾಳಿ ಪಕ್ಕಕ್ಕೆ ಸರಿದು ಪಾಯಿಂಟ್ ತೆಗೆದುಕೊಂಡಿರುತ್ತಾರೆ. ಹಿಂದೆ ಸರಿಯುವುದಂತೂ ಬರೀ ನೇರಕ್ಕೆ. 8 ಮೀಟರ್ ಅಂಕಣ, ನಾಲ್ಕು ಹೆಜ್ಜೆ ಹಿಂದಿಟ್ಟರೆ ಗಡಿ ದಾಟಿ ಜೋಗಾಯ್ (ಅಂಕಣದಿಂದ ಹೊರಹೋದ ತಪ್ಪು). ಇಷ್ಟು ದಿನ ಕೈ ವೇಗಕ್ಕೇ ಬೆವರು ಸುರಿಸಿದ್ದು ತಪ್ಪಾಯಿತು ಅನಿಸುತ್ತಿದೆ.

ಯೋರಿ ಆಶಿ (ಕಾಲು ಅಡ್ಡ ದಾಟಿಸದೆ ಎರಡೂ ಪಾದ ಜಾರಿಸಿ ಸರಿಯುವುದು) ದಿನಾ ಮಾಡುತ್ತೇನೆ, ಸ್ಕಿಪ್ಪಿಂಗ್ ಕೂಡ. ಒಬ್ಬನೇ ಇದ್ದಾಗ ಪಾದ ಹಗುರ, ಎದುರಿಗೆ ಯಾರಾದರೂ ನಿಂತರೆ ಭಾರ.

ಜೊತೆಗಾರನನ್ನು ಇಟ್ಟುಕೊಂಡು ಅಂತರ ಕಾಯುವುದನ್ನು ಹೇಗೆ ಅಭ್ಯಾಸ ಮಾಡಲಿ? ಹೊಡೆದ ತಕ್ಷಣ ಓರೆಯಾಗಿ ಹೊರಬರುವುದು ಹೇಗೆ? ಸದಾ ಪುಟಿಯುತ್ತಲೇ ಇರಬೇಕೇ? ಪುಟಿದು ಮೇಲಿರುವ ಗಳಿಗೆಯಲ್ಲೇ ನನಗೆ ಹೆಚ್ಚು ಏಟು ಬೀಳುತ್ತಿದೆ. ಮುಂದಿನ ತಿಂಗಳು ಸ್ಪರ್ಧೆಯಿದೆ. ಪಂದ್ಯ ಆಡಿದವರು, ಕಲಿಸುವವರು ದಯವಿಟ್ಟು ಸ್ವಲ್ಪ ವಿವರವಾಗಿ ಬರೆಯಿರಿ.