ಪದಚರ್ಚೆ: ಮಲ್ಟಿಟೂಲ್‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕಿತ್ತು.

ನಮ್ಮ ಭಾವನದು ಹಾರ್ಡ್‌ವೇರ್ ಅಂಗಡಿ. ಕಿಸೆಯಲ್ಲಿ ಹಿಡಿಸುವ, ಒಂದರಲ್ಲೇ ಹಲವು ಸಲಕರಣೆ ಮಡಚಿಟ್ಟ ಮಲ್ಟಿಟೂಲ್‌ಗಳನ್ನು ಹೊಸದಾಗಿ ತರಿಸಿದ್ದಾನೆ. ಅದಕ್ಕೊಂದು ಫಲಕ, ಜೊತೆಗೆ ಯಾರಿಗೆ ಯಾವುದು ಸರಿ ಅಂತ ಹೇಳುವ ಒಂದು ಪುಟದ ಚೀಟಿ. ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. 'ಬಹೂಪಯೋಗಿ ಉಪಕರಣ' ಅಂತ ಬರೆದುಕೊಟ್ಟೆ. ಭಾವ ಓದಿ, 'ಇದೇನು ಟೆಂಡರ್ ನೋಟಿಸಾ?' ಅಂದ. 'ಚಾಕು' ಅಂದರೆ ಅರ್ಧ ಮಾಲು ಹೊರಗುಳಿಯುತ್ತದೆ.

ಎರಡನ್ನು ಮೇಜಿನ ಮೇಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಒಂದು ವಿಕ್ಟೋರಿನಾಕ್ಸ್ ಕಂಪನಿಯ ಪುಟ್ಟ ಕೆಂಪು ಹಿಡಿಯದು. ಮಡಚಿದರೆ 58 ಮಿ.ಮೀ., ತೂಕ 21 ಗ್ರಾಂ. ಅಲಗಿನ ಮೇಲಿನ ಗೀರಿಗೆ ಹೆಬ್ಬೆರಳ ಉಗುರು ಸಿಕ್ಕಿಸಿ ಎಳೆದರೆ ಟಕ್ ಅಂತ ನಿಲ್ಲುತ್ತದೆ. ಕತ್ತರಿ, ಅರ, ಚಿಮಟ, ಹಲ್ಲುಕಡ್ಡಿ ಕೂಡ ಇವೆ. ಇನ್ನೊಂದು ಲೆದರ್‌ಮನ್ ಕಂಪನಿಯ ವೇವ್, ಪೂರಾ ಉಕ್ಕು, 241 ಗ್ರಾಂ. ಎರಡೂ ಹಿಡಿಗಳನ್ನು ಅಗಲಿಸಿ ಹಿಂದಕ್ಕೆ ತಿರುಗಿಸಿದರೆ ನಡುವಿನಿಂದ ಇಕ್ಕಳದ ಮೂತಿ ಹೊರಬರುತ್ತದೆ. ಅಲಗು, ಗರಗಸ ಎಲ್ಲ ಹಿಡಿಯೊಳಗೆ ಮಲಗಿವೆ.

ಎರಡಕ್ಕೂ ಹೊಂದುವ ಒಂದೇ ಪದ ಬೇಕು. ಚಿಕ್ಕದಿರಲಿ, ಫಲಕ ಇರೋದೇ ಎರಡಡಿ. 'ದಿನಾ ಜೊತೆಗಿಡುವ' ಅನ್ನೋದಕ್ಕೂ ಏನಾದರೂ ಇದ್ದರೆ ಹೇಳಿ.

ಸಿದ್ದಾಪುರದಿಂದ:

ಪದ ಇದೆ, ಕಟ್ಟಬೇಕಾಗಿಲ್ಲ. ಮುಟ್ಟು. ಬೇಸಾಯದ ಮುಟ್ಟು, ಅಡುಗೆಯ ಮುಟ್ಟು ಅಂದ ಭಾಷೆ ನಮ್ಮದು. ಉಪಕರಣ, ಸಾಧನ, ಹತ್ಯಾರು ಎಲ್ಲ ಹೊರಗಿನಿಂದ ಬಂದ ನೆಂಟರು. ಚಾಕುವಂತೂ ಪಾರಸಿ. ಹಲವು ಮುಟ್ಟು ಸೇರಿದ್ದು ಹಲಮುಟ್ಟು. ನಾಲ್ಕೇ ಅಕ್ಷರ, ಫಲಕದಲ್ಲಿ ಜಾಗ ಮಿಗುತ್ತದೆ.

ಕುಮಟಾದಿಂದ:

'ಇಲ್ಲಿ ಹಲಮುಟ್ಟು ಸಿಗುತ್ತದೆ' ಅಂತ ಫಲಕ ಹಾಕಿದರೆ ನಾನಂತೂ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಯಾಕೆ ಅಂತ ಗೊತ್ತಾಗದಿದ್ದರೆ ಮನೆಯಲ್ಲಿ ಯಾವ ಹೆಂಗಸನ್ನಾದರೂ ಕೇಳಿ.

ಸಿದ್ದಾಪುರದಿಂದ:

ಒಂದು ಪದಕ್ಕೆ ಎರಡು ಅರ್ಥ ಇದ್ದರೆ ಒಂದನ್ನು ಕೊಲ್ಲಬೇಕಾ? ನಿಘಂಟು ತೆಗೆದು ನೋಡಿ.

ಕುಮಟಾದಿಂದ:

ಹಾಗಾದರೆ ಅಂಗಡಿಯನ್ನು ನಿಘಂಟಿನಲ್ಲೇ ಇಡಲು ಹೇಳಿ.

ಕಾರವಾರದಿಂದ:

ಪ್ರಶ್ನೆಯೇ ತಪ್ಪಾಗಿದೆ. ಒಂದೇ ಪದ ಯಾಕೆ ಬೇಕು? ಇವು ಎರಡು ಬೇರೆ ಬೇರೆ ಜಾತಿ.

ಕೆಂಪು ಹಿಡಿಯದು ಹುಟ್ಟಿದ್ದೇ ಚಾಕುವಾಗಿ. ವಿಕ್ಟೋರಿನಾಕ್ಸ್ ಕಂಪನಿ ಕಟ್ಟಿದ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ್ದು 'ಅಧಿಕಾರಿಗಳ ಚಾಕು' ಅಂತ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನಲ್ಲಿದ್ದ ಅಮೆರಿಕದ ಸೈನಿಕರಿಗೆ ಅದರ ಜರ್ಮನ್ ಹೆಸರು ನಾಲಗೆಗೆ ಹೊರಳದೆ ಸ್ವಿಸ್ ಆರ್ಮಿ ನೈಫ್ ಅಂದರು. ನಾವು ದೊಡ್ಡದು ಅಂತ ತಲೆಮೇಲೆ ಹೊತ್ತ ಇಂಗ್ಲಿಷ್ ಹೆಸರು ಹೀಗೆ ನಾಲಗೆ ತೊಡರಿ ಹುಟ್ಟಿದ್ದು. ಜರ್ಮನ್ನರು ಮಡಚುವ ಚಾಕುವಿಗೆ ತಾಶೆನ್‌ಮೆಸ್ಸರ್ ಅನ್ನುತ್ತಾರೆ. ತಾಶೆ ಅಂದರೆ ಕಿಸೆ, ಮೆಸ್ಸರ್ ಅಂದರೆ ಕತ್ತಿ.

ಇನ್ನೊಂದರ ಕಥೆ ಬೇರೆ. ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿ ಜೊತೆ ಹಳೇ ಫಿಯೆಟ್ ಕಾರಿನಲ್ಲಿ ಊರೂರು ಸುತ್ತುತ್ತಿದ್ದ. ಕಾರು ಕೈಕೊಡೋದು, ಹೋಟೆಲಿನ ನಲ್ಲಿ ಸೋರೋದು. ಅವನ ಹತ್ತಿರ ಸ್ಕೌಟ್ ಚಾಕು ಇತ್ತು, ಅದರಲ್ಲಿ ಇಕ್ಕಳ ಇರಲಿಲ್ಲ. ಆ ಕೊರತೆಯಿಂದಲೇ ಹುಟ್ಟಿದ ಸಾಮಾನು 1983ರಲ್ಲಿ ಮಾರಾಟಕ್ಕೆ ಬಂತು. ಅದರ ಜೀವ ಇರೋದು ಇಕ್ಕಳದಲ್ಲಿ, ಉಳಿದದ್ದೆಲ್ಲ ಪಕ್ಕವಾದ್ಯ.

ನಮ್ಮ ಜನ ಹೆಸರಿಡುವ ಕ್ರಮವನ್ನೂ ಸ್ವಲ್ಪ ನೋಡಿ. ಈಳಿಗೆ ಮಣೆ ಇದೆಯಲ್ಲ, ಅಜ್ಜಿ ಒಂದು ಕಾಲು ಮಡಚಿ ಅದರ ಮೇಲೆ ಕೂತರೆ ಬಗ್ಗಿದ ಅಲಗಿನಲ್ಲಿ ಬದನೆ ಹೆಚ್ಚುವುದೂ ಆಯ್ತು, ತುದಿಯ ಹಲ್ಲಿನಲ್ಲಿ ಕಾಯಿ ಹೆರೆಯುವುದೂ ಆಯ್ತು. ಎರಡು ಕೆಲಸದ ಸಾಮಾನು. ಅದನ್ನು ಯಾರಾದರೂ ಬಹು ಅಂದರಾ, ಹಲ ಅಂದರಾ? ಮುಖ್ಯ ಕೆಲಸ ಯಾವುದೋ ಅದರ ಮೇಲೆ ಹೆಸರು. ಕಾಲಿನಲ್ಲಿ ಮೆಟ್ಟಿ ಅಡಿಕೆ ಸುಲಿಯುವುದು ಮೆಟ್ಟುಗತ್ತಿ. ಹಾಗೇ ಕಿಸೆಯಲ್ಲಿ ಇರೋದು ಕಿಸೆಗತ್ತಿ. ಇಕ್ಕಳದ್ದು ಕಿಸೆಯಿಕ್ಕಳ. 'ದಿನಾ ಜೊತೆಗಿಡುವ'ಕ್ಕೆ ಬೇರೆ ಪದ ಯಾಕೆ? ಕಿಸೆ ಅಂದ ಮೇಲೆ ಅದೂ ಬಂತು.

ಚೀಟಿಯೂ ಸಲೀಸಾಗುತ್ತದೆ. ಗಿರಾಕಿಗೆ ಮೊದಲು ಕೇಳಬೇಕಾದ್ದೇ ಇಕ್ಕಳ ಬೇಕಾ ಬೇಡವಾ ಅಂತ. ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ನಾಜಲ್ ಕಟ್ಟಿಕೊಂಡರೆ ಕತ್ತಿ ಇಟ್ಟುಕೊಂಡು ಏನು ಮಾಡ್ತೀರಿ? ಇಕ್ಕಳವೇ ಬೇಕು. ಪಾರ್ಸಲ್ ಬಿಚ್ಚಲು, ದಾರ ಕತ್ತರಿಸಲು, ಉಗುರು ಅರದಿಂದ ಉಜ್ಜಲು ಆದರೆ 21 ಗ್ರಾಂ ಸಾಕು. 241 ಗ್ರಾಂ ಅಂಗಿ ಕಿಸೆಯಲ್ಲಿಟ್ಟು ಬಾವಿ ಬಗ್ಗಿ ನೋಡಿದರೆ ಅದು ಬಾವಿಯ ಪಾಲು.

ನಮ್ಮ ಕಡೆಯ ಗಿರಾಕಿಗೆ ಇನ್ನೊಂದು ಮಾತು ಸೇರಿಸಿ. ಸ್ಟೇನ್‌ಲೆಸ್ ಅಂತ ಬಿಟ್ಟರೆ ಕರಾವಳಿಯ ಉಪ್ಪುಗಾಳಿಗೆ ಕೀಲಿನ ಸಂದಿಯಲ್ಲಿ ಕಿಲುಬು ಹತ್ತುತ್ತದೆ. ಸಿಹಿನೀರಲ್ಲಿ ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಬಿಡಬೇಕು.

ಅಂಕೋಲಾದಿಂದ:

ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ಮಲ್ಟಿಟೂಲ್ ಅಂತಲೇ ಬರೆಯಿರಿ. ಚಾವಿ ಪೋರ್ಚುಗೀಸರದು, ಬಟಾಟೆ ಅವರದು, ಇಸ್ತ್ರಿ ಅವರದು. ಯಾರ ಕನ್ನಡ ಕೆಟ್ಟಿತು? ಇಕ್ಕಳ ಅಂದರೆ ನನಗೆ ಕಾಣುವುದು ಒಲೆ ಮೇಲಿನ ಪಾತ್ರೆ. ಗ್ಯಾರೇಜಿನಲ್ಲಿ ಅದು ಪಕ್ಕಡ್.

ಸಿದ್ದಾಪುರದಿಂದ:

ಬಟಾಟೆ ಇಲ್ಲಿರಲಿಲ್ಲ, ಹೆಸರಿನ ಜೊತೆಗೇ ಬಂತು. ಕತ್ತಿ, ಇಕ್ಕಳ ಇಲ್ಲೇ ಇದ್ದವು. ಇರುಕಿ ಹಿಡಿಯುವುದರಿಂದ ಇಕ್ಕುಳ, ಅದೇ ಇಕ್ಕಳ. ಇರುಕುವುದು ಪಾತ್ರೆಯಾದರೇನು, ತಂತಿಯಾದರೇನು? ಇರುವ ಪದ ಬಿಟ್ಟು ಸಾಲ ತರುವುದಕ್ಕೆ ಸೋಮಾರಿತನ ಅನ್ನುತ್ತಾರೆ. ಸ್ಕ್ರೂಡ್ರೈವರ್‌ಗೆ ತಿರುಪುಳಿ ಇಲ್ವಾ?

ಅಂಕೋಲಾದಿಂದ:

ಇದೆ. ಒಂದು ದಿನ ನಿಮ್ಮೂರ ಇಲೆಕ್ಟ್ರಿಷಿಯನ್ ಏಣಿ ಮೇಲಿದ್ದಾಗ 'ತಿರುಪುಳಿ ಕೊಡಲಾ' ಅಂತ ಕೇಳಿ ನೋಡಿ.

ಕುಮಟಾದಿಂದ:

ಇಬ್ಬರೂ ಬೇರೆ ಎಳೆಯಲ್ಲಿ ಜಗಳ ಮುಂದುವರಿಸಿ. ಕಿಸೆಗತ್ತಿಗೆ ನನ್ನ ಒಪ್ಪಿಗೆ. ಕಿಸೆಯಿಕ್ಕಳ ಬಾಯಲ್ಲಿ ಸ್ವಲ್ಪ ತೊಡರುತ್ತದೆ, ಆದರೂ ಅರ್ಥ ಆಗುತ್ತದೆ. ಗೋವಾಕ್ಕೆ ಹೋಗಿ ವಿಮಾನ ಹತ್ತುವವರು ಇವನ್ನು ಕೈಚೀಲದಲ್ಲಿ ಇಡಬಾರದು ಅನ್ನೋದೂ ಚೀಟಿಯಲ್ಲಿ ಬರಲಿ.

ಶಿರಸಿಯಿಂದ:

ಎಲ್ಲರಿಗೂ ಧನ್ಯವಾದ. ಫಲಕದಲ್ಲಿ ಮೇಲೆ 'ಕಿಸೆಗತ್ತಿ', ಕೆಳಗೆ 'ಕಿಸೆಯಿಕ್ಕಳ', ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಮಲ್ಟಿಟೂಲ್' ಅಂತ ಹಾಕಿದ್ದೇವೆ. ಮೂಲೆಯದು ಭಾವನ ಹಟ. ಉಪ್ಪುಗಾಳಿಯ ಸಾಲು, ವಿಮಾನದ ಸಾಲು ಎರಡೂ ಚೀಟಿಗೆ ಸೇರಿದವು. ಬಾವಿಯ ಸಾಲನ್ನೂ ಬಿಡಲಿಲ್ಲ. ಮಧ್ಯಾಹ್ನವೇ ಪ್ರೆಸ್ಸಿಗೆ ಹೋಯ್ತು.

ಸಿದ್ದಾಪುರದಿಂದ:

ಕಿಸೆ ಪಾರಸಿ. ಬೊಕ್ಕಣ ಅನ್ನಬೇಕಿತ್ತು.